ಮನೆ ಓನರ್ 'ಲೊಗು ಸೆ ವೆ' ಅಂದರೆ ನಂಬಬಹುದಾ? ಪೋರ್ಚುಗೀಸ್ ಆಡುಮಾತು ಗೊತ್ತಿದ್ದವರು ಹೇಳಿ

ಹೊಸಕೋಟೆ ಹೈದ:

ಎಲ್ಲರಿಗೂ ನಮಸ್ಕಾರ. ನಾನು ಲಿಸ್ಬನ್‌ಗೆ ಬಂದು ಎಂಟು ತಿಂಗಳಾಯಿತು. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ, ಅದರಿಂದಲೇ ಹಾಳಾದೆ. ದಿನಾ ರಾತ್ರಿ ಆ್ಯಪ್ ಹಿಡಿದು ಕೂತು 'ಹುಡುಗ ಸೇಬು ತಿನ್ನುತ್ತಾನೆ' ಅನ್ನುವ ತನಕ ಬಂದಿದ್ದೇನೆ. ಆದರೆ ಸೇಬು ತಿನ್ನುವ ಹುಡುಗ ಬೀದಿಯಲ್ಲಿ ಇದುವರೆಗೆ ಒಬ್ಬನೂ ಸಿಕ್ಕಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮನೆಯ ಗ್ಯಾಸ್ ಗೀಸರ್ ಕೆಟ್ಟು ಮೂರು ವಾರ ಆಯಿತು. ಓನರ್‌ಗೆ ಹೇಳಿದೆ. ನಗುನಗುತ್ತಾ 'ಲೊಗು ಸೆ ವೆ' ಅಂದರು. ಡಿಕ್ಷನರಿ ತೆಗೆದು ನೋಡಿದರೆ 'ಲೊಗು' ಅಂದರೆ ಸ್ವಲ್ಪ ಹೊತ್ತಿನಲ್ಲಿ, 'ಸೆ ವೆ' ಅಂದರೆ ಕಾಣುತ್ತದೆ ಅಂತಿದೆ. ಓ, ಬೇಗ ಬಂದು ನೋಡುತ್ತಾರೆ ಅಂದುಕೊಂಡು ಶನಿವಾರ ಇಡೀ ದಿನ ಮನೆಯಲ್ಲೇ ಕೂತೆ. ಯಾರೂ ಬರಲಿಲ್ಲ. ಮತ್ತೆ ಕೇಳಿದೆ. 'ಫೀಕ್ ದಿಶ್ಕನ್ಸಾದು' ಅಂದರು. ಪದಕ್ಕೆ ಪದ ಹಾಕಿದರೆ 'ವಿಶ್ರಾಂತಿಯಾಗಿರಿ'. ತಣ್ಣೀರು ಸುರಿದುಕೊಂಡು ವಿಶ್ರಾಂತಿ ಎಲ್ಲಿಂದ ಬರಬೇಕು?

ಪುಸ್ತಕದಲ್ಲಿ ಇಲ್ಲದ ಈ ಮಾತುಗಳನ್ನು ನೀವೆಲ್ಲ ಹೇಗೆ ಕಲಿತಿರಿ?

ಕುಡ್ಲದಕ್ಕ:

ಅಯ್ಯೋ ಮಾರಾಯ್ರೆ, ಅದು ನಮ್ಮ 'ನೋಡುವ'! ಸಾಲ ಕೇಳಲು ಬಂದವರಿಗೆ ನನ್ನ ದೊಡ್ಡಪ್ಪ 'ನೋಡುವ' ಅನ್ನುತ್ತಿದ್ದರು. ಕೇಳಿದವರಿಗೆ ಅಷ್ಟರಲ್ಲೇ ಅರ್ಥ ಆಗುತ್ತಿತ್ತು. ನಿಮ್ಮ ಕಡೆ 'ನೋಡೋಣ' ಅನ್ನುವುದಿಲ್ವಾ, ಅದೇ. 'ಇಲ್ಲ' ಅಂತ ಮುಖಕ್ಕೆ ಹೇಳುವುದು ಇಲ್ಲಿಯವರಿಗೂ ಕಷ್ಟ. 'ಫೀಕ್ ದಿಶ್ಕನ್ಸಾದು' ಅಂದರೆ ನೀವು ತಲೆ ಕೆಡಿಸಿಕೊಳ್ಳಬೇಡಿ ಅಂತ.

ಹೇಗೆ ಕಲಿತೆ ಅಂತ ಕೇಳಿದಿರಲ್ಲ. ಪೋರ್ತು ಊರಿನಲ್ಲಿ ನನಗೆ ಹನ್ನೊಂದು ವರ್ಷ. ಮೊದಲ ಎರಡು ವರ್ಷ ಇಂಗ್ಲಿಷಿನಲ್ಲಿ ಯೋಚಿಸಿ ಪೋರ್ಚುಗೀಸಿಗೆ ತಿರುಗಿಸುತ್ತಿದ್ದೆ. ಒಂದೂ ಸರಿ ಬರುತ್ತಿರಲಿಲ್ಲ. ಒಂದು ದಿನ ಸಾಕಾಗಿ ಕನ್ನಡದಿಂದ ಹೋಗಿ ನೋಡಿದೆ. ದಾರಿ ಅರ್ಧಕ್ಕರ್ಧ ಕಡಿಮೆ ಆಯಿತು. ಉತ್ಪ್ರೇಕ್ಷೆ ಅಲ್ಲ, ನೋಡಿ.

ಇಲ್ಲಿ ಯಾರಾದರೂ 'ಹಸಿವಾಗಿದೆಯಾ' ಅಂತ ಕೇಳಿದರೆ ಬರೀ 'ಸಿಂ', ಅಂದರೆ 'ಹೌದು', ಅಂದು ಸುಮ್ಮನಾಗುವವರು ಕಡಿಮೆ. 'ತೆಂಯ್ಶ್ ಫೊಮ್?' ಅಂದರೆ 'ತೆಞು' ಅನ್ನುತ್ತಾರೆ. ಪ್ರಶ್ನೆಯ ಕ್ರಿಯಾಪದವನ್ನೇ ತಿರುಗಿಸಿ ಕೊಡುವುದು. ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ ಬೇರೆ ಪಾಠವೇ ಇರುತ್ತದೆ. ನಮಗೆ ಯಾಕೆ ಪಾಠ? 'ಊಟ ಆಯ್ತಾ?' 'ಆಯ್ತು.' 'ಬಸ್ ಬಂತಾ?' 'ಬಂತು.' ಹುಟ್ಟಿದಾಗಿನಿಂದ ಹೀಗೇ ಅಲ್ವಾ ಮಾತಾಡಿದ್ದು.

ಆಮೇಲೆ ನಮ್ಮ 'ನನಗೆ'. ಕಾಫಿ ಕುಡಿಯಬೇಕು ಅನ್ನಿಸಿದರೆ ಇಲ್ಲಿ 'ಅಪೆತೆಸ್ ಮ ಉಂ ಕಫೆ' ಅನ್ನುತ್ತಾರೆ. ಆ 'ಮ' ಅಂದರೆ 'ನನಗೆ'. ತಲೆನೋವಿಗೆ 'ದೊಯ್ ಮ ಅ ಕಬೆಸ', ಅಂದರೆ 'ನನಗೆ ತಲೆ ನೋಯುತ್ತಿದೆ'. ನನ್ನ ಕ್ಲಾಸಿನಲ್ಲಿದ್ದ ಇಂಗ್ಲೆಂಡಿನವರು ಈ 'ಮ'ಕ್ಕೆ ಎರಡು ವಾರ ಒದ್ದಾಡಿದರು. ನನಗೆ ಒಂದು ನಿಮಿಷ ಸಾಕಾಯಿತು.

ಹೇಗಿದ್ದೀರಿ ಅಂತ ಕೇಳಿದರೆ ವಯಸ್ಸಾದವರು 'ವಾಯ್ ಸೆ ಅಂದಾಂದು' ಅನ್ನುತ್ತಾರೆ. ನಮ್ಮ 'ಹೀಗೇ ನಡೀತಾ ಇದೆ'. ಅದರಲ್ಲೂ ಅದೇ ನಡೆಯುವ ಕ್ರಿಯಾಪದ, ಅದೇ ನಿಟ್ಟುಸಿರು. ತುಂಬಾ ಚೆನ್ನಾಗಿದ್ದೇನೆ ಅಂದರೆ ದೃಷ್ಟಿ ತಾಗುತ್ತದೋ ಏನೋ. ಇನ್ನು 'ದೆಯ್ಶ ಲಾ' ಅಂದರೆ 'ಹೋಗಲಿ ಬಿಡು'. ಬಿಡುವ ಕ್ರಿಯಾಪದವೇ.

ಹೊಸಕೋಟೆ ಹೈದ:

ಅಕ್ಕಾ, ಆ ಶನಿವಾರ ವಾಪಸ್ ಬರುತ್ತಾ?

ಅರ್ಧ ಕಾಫಿ:

ಲೊಗು ಸೆ ವೆ.

ಸಾಂಪೌಲು ಸೊಸೆ:

ನಾನು ಇರುವುದು ಬ್ರೆಜಿಲ್‌ನಲ್ಲಿ, ಮದುವೆಯಾಗಿ ಬಂದದ್ದು. ಅಕ್ಕನ ಮಾತಿಗೆ ಒಂದು ಸೇರಿಸುತ್ತೇನೆ. ಇಲ್ಲಿ ಪ್ರತಿ ವಾಕ್ಯದ ಕೊನೆಗೆ 'ನೆ?' ಅನ್ನುತ್ತಾರೆ. 'ನಾಂವ್ ಎ', ಅಂದರೆ 'ಅಲ್ಲವಾ', ಸವೆದು ಸವೆದು 'ನೆ' ಆಗಿದೆ. ನಮ್ಮ 'ಅಲ್ಲವಾ' ಸವೆದು 'ಅಲ್ವಾ' ಆದ ಹಾಗೇ. ನಾನು ಮೊದಲು ಕಲಿತ ಪೋರ್ಚುಗೀಸ್ ಪದ ಅದೇ. ಅತ್ತೆ ಏನು ಹೇಳಿದರೂ ಕೊನೆಗೆ 'ನೆ' ಕೇಳಿಸಿದ ಕೂಡಲೇ ತಲೆ ಆಡಿಸುತ್ತಿದ್ದೆ. ಹಾಗೆ ಆಡಿಸಿ ಆಡಿಸಿ ಒಂದು ಸಲ ನಲವತ್ತು ಜನರ ಅಡುಗೆಗೆ ಒಪ್ಪಿಕೊಂಡುಬಿಟ್ಟಿದ್ದೆ!

ಇನ್ನೊಂದು. ಇಲ್ಲಿ ದಾರಿಯಲ್ಲಿ ಪರಿಚಯದವರು ಸಿಕ್ಕರೆ 'ಪಾಸ ಲಾ ಏಂ ಕಾಜ' ಅನ್ನುತ್ತಾರೆ, 'ಮನೆ ಕಡೆ ಬನ್ನಿ'. ಯಾವತ್ತು, ಎಷ್ಟು ಗಂಟೆಗೆ ಅಂತ ಹೇಳುವುದಿಲ್ಲ. ನನ್ನ ಜೊತೆ ಕಲಿಯುತ್ತಿದ್ದ ಜರ್ಮನ್ ಹುಡುಗಿ ಡೈರಿ ತೆಗೆದು ದಿನಾಂಕ ಕೇಳಿದಳಂತೆ. ನಾವು ಮೈಸೂರಿನವರು, ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಧಾರವಾಡದ ಮಾಸ್ತರ:

ನಾ ಪೋರ್ಚುಗಲ್ ನೋಡಿದವ ಅಲ್ಲರೀ. ಆದರೂ ಒಂದು ಮಾತು. ನೀವು ಕಲಿಯಲು ಹೊರಟ ಭಾಷೆ ನಿಮ್ಮ ಮನೆಯಲ್ಲಿ ಮೊದಲೇ ಇದೆ. ನಮ್ಮ ಕಡೆ ತಿಂಗಳ ಸಂಬಳಕ್ಕೆ 'ಪಗಾರ' ಅನ್ನುತ್ತಾರೆ. ಪೋರ್ಚುಗೀಸಿನಲ್ಲಿ 'ಪಗಾರ್' ಅಂದರೆ ಹಣ ಕೊಡುವುದು. ಮೇಜು ಅವರ 'ಮೇಜ', ಪಾದ್ರಿ ಅವರ 'ಪಾದ್ರ್', ಚಾವಿ ಅವರ 'ಶಾವ್', ಮೇಸ್ತ್ರಿ ಅವರ 'ಮೇಶ್ತ್ರ್', ಬಟಾಟೆ ಅವರ 'ಬತಾತ'. ಅಲಮಾರಿಗೆ ಮೂಲ 'ಅರ್ಮಾರಿಯು'. 1510ರಿಂದ 1961ರವರೆಗೆ ಗೋವಾದಲ್ಲಿ ಕೂತಿದ್ದವರು, ಘಟ್ಟದ ಈಚೆಗೂ ಅವರ ಮಾತು ಬರದೇ ಇರುತ್ತದೆಯೇ? ಬರೀ ಒಂದೊಂದು ಪದ ಬಂದವು, ಮಾತಿನ ವರಸೆ ಬರಲಿಲ್ಲ ಅಷ್ಟೇ.

ಸಾಂಪೌಲು ಸೊಸೆ:

ಮಾಸ್ತರೇ, ಅನಾನಸು ಬಿಟ್ಟಿರಿ! ಅದೂ ಅಲ್ಲಿಂದಲೇ ಬಂದದ್ದು. ಆದರೆ ಬ್ರೆಜಿಲ್‌ನಲ್ಲಿ ಅಂಗಡಿಗೆ ಹೋದರೆ ಅದಕ್ಕೆ 'ಅಬಕಶಿ' ಅನ್ನಬೇಕು. ತಲೆನೋವಿನ ಕೆಲಸ ತಲೆಗೆ ಬಿದ್ದರೆ ಅದಕ್ಕೂ 'ಅಬಕಶಿ' ಅಂತಲೇ ಹೆಸರು. ಅದನ್ನು ಬಗೆಹರಿಸುವುದು ಅಂದರೆ 'ಅಬಕಶಿ ಸುಲಿಯುವುದು'. ಒಮ್ಮೆ ಹಣ್ಣು ಸುಲಿದು ನೋಡಿದವರಿಗೆ ಯಾಕೆ ಅಂತ ಹೇಳಬೇಕಿಲ್ಲ.

ಅರ್ಧ ಕಾಫಿ:

ಎಲ್ಲರೂ ಖುಷಿಯಾಗಿದ್ದೀರಿ, ತಣ್ಣೀರು ಎರಚಬೇಕಾಗಿದೆ. ಹೈದನಿಗೆ ಹೇಗೂ ಅಭ್ಯಾಸ ಆಗಿದೆ.

ಕನ್ನಡದಿಂದ ಹೋದರೆ ಎಲ್ಲವೂ ಸಲೀಸು ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಾನು ಕೋಯಿಂಬ್ರಾದಲ್ಲಿ ಓದುತ್ತಿದ್ದಾಗ ರೂಮಿನಿಂದ ಗೆಳೆಯ ಕೂಗಿದ, ನಾನು ಕನ್ನಡದಲ್ಲಿ 'ಬಂದೆ' ಅನ್ನುವ ಹಾಗೆ 'ವೆಞು' ಅಂದೆ. ಅವನು ನಕ್ಕ. ಇಲ್ಲಿ ಕರೆದವರಿಗೆ 'ಝಾ ವೊ' ಅನ್ನಬೇಕು, ಅಂದರೆ 'ಈಗಲೇ ಹೋಗುತ್ತೇನೆ'. ಹೊರಡುವ ಜಾಗದಿಂದ ಲೆಕ್ಕ ಹಾಕುತ್ತಾರೆ, ಕರೆದವನ ಜಾಗದಿಂದ ಅಲ್ಲ. ನಮ್ಮ 'ಬಂದೆ' ಅಲ್ಲಿ ನಡೆಯುವುದಿಲ್ಲ.

ಫೋನ್ ಎತ್ತಿದರೆ 'ಶ್ತೊ?' ಅನ್ನುತ್ತಾರೆ. 'ಇದ್ದೇನೆ?' ಅಂತ ಪ್ರಶ್ನೆ! ಇದಕ್ಕೆ ಕನ್ನಡದಲ್ಲಿ ಏನಿದೆ ಹೇಳಿ.

ಮತ್ತೆ ಗಾದೆ, ನುಡಿಗಟ್ಟು ಅಂತ ಪಟ್ಟಿ ಮಾಡಿ ಉರು ಹೊಡೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಮೊದಲು 'ಪೊಯ್ಶ್' ಕಲಿಯಿರಿ. ಅದೊಂದಿದ್ದರೆ ಅರ್ಧ ಪೋರ್ಚುಗಲ್ ಸುತ್ತಬಹುದು. 'ಪೊಯ್ಶ್' ಅಂದರೆ 'ಹೂಂ'. ಎರಡು ಸಲ ಅಂದರೆ 'ಹೂಂ ಹೂಂ, ಗೊತ್ತಾಯ್ತು ಮುಂದೆ ಹೇಳು'. 'ಪೊಯ್ಝೆ' ಅಂದರೆ 'ಹೌದಲ್ಲಾ'. 'ಅವನು ಬರಲೇ ಇಲ್ಲ' ಅಂತ ನೀವು ಹೇಳಿದರೆ ಎದುರಿನವರು 'ಪೊಯ್ಶ್ ನಾಂವ್' ಅನ್ನುತ್ತಾರೆ, 'ಹೂಂ, ಬರಲಿಲ್ಲ'. ಇಷ್ಟು ಚಿಕ್ಕ ಪದ, ಎಳೆಯುವ ರಾಗದ ಮೇಲೆ ಅರ್ಥ ಬದಲಾಗುತ್ತದೆ.

ಸಾಂಪೌಲು ಸೊಸೆ:

ಅದೇ 'ಪೊಯ್ಸ್ ನಾಂವ್' ಬ್ರೆಜಿಲ್ ಅಂಗಡಿಯಲ್ಲಿ ಕೇಳಿದರೆ 'ಬನ್ನಿ, ಏನು ಕೊಡಲಿ' ಅಂತ ಅರ್ಥ. ನಾನು ಮೊದಲ ವಾರ ಬೇಕರಿಯಲ್ಲಿ ಅದನ್ನು ಕೇಳಿ, 'ಇಲ್ಲ' ಅಂದರಲ್ಲ ಅಂದುಕೊಂಡು ವಾಪಸ್ ಬಂದಿದ್ದೆ. 'ನಾಂವ್' ಅಂದರೆ 'ಇಲ್ಲ' ಅಂತ ಮಾತ್ರ ಗೊತ್ತಿತ್ತು. ಇನ್ನು 'ಪೊಯ್ಸ್ ಸಿಂ' ಅಂತ ಎಳೆದು ಹೇಳಿದರೆ ಅದು ವ್ಯಂಗ್ಯ, 'ಹೌದೌದು, ನಂಬಿದೆ ಬಿಡು' ಅಂತ. 'ಇಲ್ಲ' ಇರುವ ಕಡೆ ಹೌದು, 'ಹೌದು' ಇರುವ ಕಡೆ ಇಲ್ಲ.

ಕುಡ್ಲದಕ್ಕ:

ಅರ್ಧ ಕಾಫಿಯವರು ಹೇಳಿದ 'ಝಾ ವೊ' ಒಪ್ಪಿದೆ. ಅಲ್ಲಿ ನಾನೂ ಜಾರಿ ಬಿದ್ದವಳೇ. ಆದರೆ ಕನ್ನಡದಿಂದ ಹೋಗಿ ಬಿದ್ದದ್ದಕ್ಕಿಂತ ಇಂಗ್ಲಿಷಿನಿಂದ ಹೋಗಿ ಬಿದ್ದದ್ದೇ ಜಾಸ್ತಿ. ಮೊದಲ ದಿನ ಬ್ಯಾಂಕಿನ ಬಾಗಿಲ ಮೇಲೆ ಬರೆದದ್ದನ್ನು ಒಬ್ಬರು ಓದಿ ಹೇಳಿದರು, 'ಪುಶ್'. ನಾನು ತಳ್ಳಿದೆ, ತಳ್ಳಿದೆ, ತಳ್ಳಿದೆ. ಪೋರ್ಚುಗೀಸಿನಲ್ಲಿ 'ಪುಶ್' ಅಂದರೆ ಎಳೆಯಿರಿ! ಇನ್ನೊಂದು ಸಲ ಪಕ್ಕದ ಮನೆಯವರು 'ಶ್ತೊ ಕೊಂಶ್ತಿಪಾದ' ಅಂದರು. ಅಯ್ಯೋ ಪಾಪ, ಹೊಟ್ಟೆ ಕಟ್ಟಿದೆ ಅಂತ ಬಾಳೆಹಣ್ಣು ತೆಗೆದುಕೊಂಡು ಹೋಗಿ ಕೊಟ್ಟೆ. ಅವರಿಗೆ ಇದ್ದದ್ದು ಬರೀ ಶೀತ. ಶೀತಕ್ಕೆ ಯಾರಾದರೂ ಬಾಳೆಹಣ್ಣು ತಿನ್ನುತ್ತಾರಾ? ಅವರು ಏನೂ ಅನ್ನದೆ ತೆಗೆದುಕೊಂಡರು, ಒಳ್ಳೆಯವರು.

ನುಡಿಗಟ್ಟಿನ ಪಟ್ಟಿ ಬೇಡ ಅನ್ನುವುದು ಸರಿ. ಆದರೆ ನುಡಿಗಟ್ಟೇ ಬೇಡ ಅಂದರೆ ಊಟದಲ್ಲಿ ಉಪ್ಪಿನಕಾಯಿ ಬೇಡ ಅಂದ ಹಾಗೆ. ಕೆಲವು ಕೇಳಿಸಿಕೊಂಡೇ ಕಲಿತದ್ದು. ಕೇಳಿಯೂ ಕೇಳದ ಹಾಗೆ ಇರುವುದಕ್ಕೆ ಇವರು 'ವ್ಯಾಪಾರಿಯ ಕಿವಿ ಮಾಡುವುದು' ಅನ್ನುತ್ತಾರೆ, 'ಒವೀದುಶ್ ದ ಮೆರ್ಕದೋರ್'. ನಮ್ಮ ಜಾಣಕಿವುಡು. ಹೈದ ಅವರ ಓನರ್‌ಗೆ ಇರುವುದು ಅದೇ ಕಿವಿ. ಬೆಳಗ್ಗೆ ಬೆಳಗ್ಗೆ ಸಿಡುಕುವವರಿಗೆ 'ಕಾಲು ಹೊರಗಿಟ್ಟುಕೊಂಡು ಎದ್ದಿದ್ದಾನೆ' ಅನ್ನುತ್ತಾರೆ, ನಾವು 'ಎಡಮಗ್ಗುಲಲ್ಲಿ ಎದ್ದೆಯಾ' ಅಂತ ಕೇಳುವುದಿಲ್ವಾ. ಕಡ್ಡಿ ಮುರಿದ ಹಾಗೆ ಮಾತಾಡುವುದಕ್ಕೆ 'ಪಾಂವ್ ಪಾಂವ್, ಕೇಯ್ಜು ಕೇಯ್ಜು'. ರೊಟ್ಟಿಗೆ ರೊಟ್ಟಿ, ಚೀಸಿಗೆ ಚೀಸ್.

ನನಗೆ ತುಂಬಾ ಇಷ್ಟವಾದದ್ದು ಹೊಟ್ಟೆಕಿಚ್ಚಿನ ಮಾತು. ನಮಗೆ ಹೊಟ್ಟೆ ಉರಿಯುತ್ತದೆ. ಇವರಿಗೆ ಮೊಣಕೈ ನೋಯುತ್ತದೆ! 'ದೋರ್ ದ ಕುತುವೇಲು'. ಸಹೋದ್ಯೋಗಿಗೆ ಬಡ್ತಿ ಸಿಕ್ಕಿತು, ಪಕ್ಕದವಳು ಮುಖ ಊದಿಸಿಕೊಂಡಳು, ಮೂರನೆಯವಳು ನನ್ನತ್ತ ತಿರುಗಿ ಸುಮ್ಮನೆ ಮೊಣಕೈ ತಟ್ಟಿದಳು. ಒಂದು ಮಾತಿಲ್ಲ. ಅದು ಅರ್ಥ ಆದ ದಿನ ನಾನು ಈ ಊರಿನವಳೇ ಆದೆ ಅನ್ನಿಸಿತು.

ಕಾರವಾರದ ಕಡಲು:

ತಡವಾಗಿ ಬಂದೆ. ಪಣಜಿಯಲ್ಲಿ ಪೋರ್ಚುಗೀಸ್ ಕ್ಲಾಸಿಗೆ ಹೋಗುತ್ತಿದ್ದೇನೆ. ಅಲ್ಲಿ ಇನ್ಸ್ಟಿಟ್ಯೂಟೊ ಕಮೋಯ್ಸ್ ಇದೆ, ಫುಂದಸಾಂವ್ ಓರಿಯೆಂತ್ ಇದೆ, ಎರಡೂ ಪೋರ್ಚುಗಲ್‌ನ ಸಂಸ್ಥೆಗಳು. ವಯಸ್ಸಾದವರೂ ಕಲಿಯಲು ಬರುತ್ತಾರೆ. ನನ್ನ ಪಕ್ಕ ಕೂರುವ ಅಜ್ಜನಿಗೆ ಚಿಕ್ಕಂದಿನಲ್ಲಿ ಕೇಳಿದ ಮಾತು ನೆನಪಿದೆ, ವ್ಯಾಕರಣ ಗೊತ್ತಿಲ್ಲ. ನನಗೆ ವ್ಯಾಕರಣ ಗೊತ್ತಿದೆ, ಬಾಯಿ ತೆರೆಯಲು ಬರುವುದಿಲ್ಲ.

ಇಲ್ಲಿ ಬರೆದವರೆಲ್ಲ ಪೋರ್ಚುಗೀಸನ್ನು ಕನ್ನಡ ಲಿಪಿಯಲ್ಲಿ ಬರೆದದ್ದು ನೋಡಿ ಖುಷಿಯಾಯಿತು. ಶಾಲೆಯಲ್ಲಿ 'ಞ' ಅಕ್ಷರ ಯಾಕೆ ಕಲಿಸಿದರು ಅಂತ ಮೂವತ್ತು ವರ್ಷ ಯೋಚಿಸಿದ್ದೆ. ಈಗ ಗೊತ್ತಾಯಿತು. 'ಅಮಞಾಂ' ಅಂದರೆ ನಾಳೆ, 'ವಿಞು' ಅಂದರೆ ವೈನ್. ಕ್ಲಾಸಿನಲ್ಲಿ ನಾನು ಮಗ್ಗುಲಲ್ಲೇ ಕನ್ನಡದಲ್ಲಿ ಉಚ್ಚಾರ ಬರೆದುಕೊಳ್ಳುತ್ತೇನೆ. ಪೋರ್ಚುಗಲ್‌ನವರು ಸ್ವರ ನುಂಗುವುದನ್ನೂ ಅರ್ಧಾಕ್ಷರದಲ್ಲಿ ಹಿಡಿಯಬಹುದು. ಪುಸ್ತಕದಲ್ಲಿ 'ಎಸ್ತಾ', ಬಾಯಲ್ಲಿ 'ಶ್ತಾ'. ಬ್ರೆಜಿಲ್‌ನವರು ಸ್ವರಗಳನ್ನು ಬಾಯಿ ತುಂಬಾ ಹೇಳುತ್ತಾರೆ, ಆದ್ದರಿಂದ ಹೊಸಬರಿಗೆ ಅವರ ಮಾತೇ ಸುಲಭ.

ನಿಮ್ಮನ್ನು ಒಂದು ಕೇಳಬೇಕು. 'ನೀನು', 'ನೀವು' ಹೇಗೆ ಸಂಭಾಳಿಸುತ್ತೀರಿ? ಪುಸ್ತಕದಲ್ಲಿ 'ತು' ಅಂದರೆ ನೀನು, 'ವೊಸೆ' ಅಂದರೆ ನೀವು ಅಂತ ಇದೆ.

ಅರ್ಧ ಕಾಫಿ:

ಪುಸ್ತಕ ಮುಚ್ಚಿಡಿ. ಪೋರ್ಚುಗಲ್‌ನಲ್ಲಿ ವಯಸ್ಸಾದವರಿಗೆ 'ವೊಸೆ' ಅಂದರೆ ಮುಖ ಗಂಟಿಕ್ಕುತ್ತಾರೆ. ಒಂದು ಸಲ ಕೆಳಗಿನ ಮನೆಯ ಅಜ್ಜಿಗೆ ಹಾಗೆ ಅಂದು, ಎರಡು ವಾರ ಮೆಟ್ಟಿಲಲ್ಲಿ ಸಿಕ್ಕಾಗೆಲ್ಲ ಬರೀ 'ಬೊಂ ದಿಯ' ಮಾತ್ರ ಸಿಕ್ಕಿತು.

ಕುಡ್ಲದಕ್ಕ:

ಅಜ್ಜಿಗೆ 'ಅ ಸೆಞೋರ' ಅನ್ನಬೇಕು. 'ಅ ಸೆಞೋರ ಕೆರ್ ಕಫೆ?' ಪದಕ್ಕೆ ಪದ ಹಾಕಿದರೆ 'ಅಮ್ಮಾವರಿಗೆ ಕಾಫಿ ಬೇಕಾ?' ಎದುರಿಗೆ ಇರುವವರನ್ನೇ ಬೇರೆ ಯಾರೋ ಎಂಬಂತೆ ಮಾತಾಡಿಸುವುದು. ಇದು ಇಂಗ್ಲಿಷಿನವರಿಗೆ ವಿಚಿತ್ರ. ನಮ್ಮಲ್ಲಿ 'ಸಾಹೇಬ್ರು ಎಲ್ಲಿಗೆ ಹೊರಟ್ರು?' ಅಂತ ಸಾಹೇಬರನ್ನೇ ಕೇಳುತ್ತೇವೆ. ಗೆಳೆಯರ ನಡುವೆ 'ತು' ಸಾಕು. ಜೊತೆಗೆ ಒಂದು 'ಪಾ' ಸೇರಿಸಿ. 'ಎಪಾ', 'ಒ ಪಾ'. ಹುಡುಗ ಅನ್ನುವ 'ಹಪಾಜ್' ಪದ ತುಂಡಾಗಿ ಬಂದದ್ದಂತೆ. ನಮ್ಮ 'ಮಾರಾಯ'ನ ತಮ್ಮ. ಸಿಟ್ಟಿಗೂ 'ಪಾ', ಪ್ರೀತಿಗೂ 'ಪಾ'.

ಹೆಂಗಸರಿಗೆ ಇನ್ನೊಂದು ಮಾತು. ನೀವು ಧನ್ಯವಾದ ಹೇಳುವಾಗ 'ಒಬ್ರಿಗಾದ' ಅನ್ನಿ. 'ಒಬ್ರಿಗಾದು' ಗಂಡಸರು ಹೇಳುವುದು. ಎದುರಿನವರು ಯಾರು ಅಂತ ನೋಡಬೇಡಿ, ಹೇಳುವವರು ಯಾರು ಅಂತ ನೋಡಿ.

ಧಾರವಾಡದ ಮಾಸ್ತರ:

ಕನ್ನಡದಲ್ಲಿ 'ಬಂದೆ' ಅಂದರೆ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಇಲ್ಲಿ ಕೃತಜ್ಞತೆಗೂ ಲಿಂಗ ಬಂತಲ್ಲರೀ!

ಹೊಸಕೋಟೆ ಹೈದ:

ಎಲ್ಲರಿಗೂ ಒಬ್ರಿಗಾದು. ಎರಡೂ ದೇಶದವರು ಇಲ್ಲಿ ಇದ್ದೀರಿ. ಒಂದು ದೇಶದ ಮಾತು ಇನ್ನೊಂದರಲ್ಲಿ ಆಡಿದರೆ ಏನಾದರೂ ಎಡವಟ್ಟು ಆಗುತ್ತಾ? ನಾನು ನೋಡುವ ವಿಡಿಯೊ ಎಲ್ಲ ಬ್ರೆಜಿಲ್‌ನವರದು.

ಸಾಂಪೌಲು ಸೊಸೆ:

ಆಗುತ್ತದೆ. ನಮ್ಮವರ ಅಣ್ಣನ ಮಗಳು ಪೋರ್ಚುಗಲ್‌ಗೆ ಓದಲು ಹೋದಳು. ಫೋನ್ ಮಾಡಿ 'ಚಿಕ್ಕಮ್ಮ, ಇಲ್ಲಿ ಕಾಲೇಜಿನವರು ಪ್ರತಿ ವರ್ಷ ಪ್ರೊಪೀನ ಕಟ್ಟು ಅಂತ ಕಾಗದ ಕಳಿಸಿದ್ದಾರೆ' ಅಂದಳು. ಅಲ್ಲಿ ಅದು ಕಾಲೇಜು ಫೀಸು. ಬ್ರೆಜಿಲ್‌ನಲ್ಲಿ ಅದು ಲಂಚ! ರಶೀದಿ ಕೊಟ್ಟು ಲಂಚ ತಗೊಳ್ಳುವ ದೇಶ ಯಾವುದಪ್ಪ ಅಂತ ಮನೆಯವರೆಲ್ಲ ಗಾಬರಿಯಾಗಿದ್ದರು. 'ಹಪರೀಗ' ಅಂದರೆ ಪೋರ್ಚುಗಲ್‌ನಲ್ಲಿ ಹುಡುಗಿ. ಬ್ರೆಜಿಲ್‌ನ ಎಷ್ಟೋ ಕಡೆ ಅದು ಬೈಗುಳ, ಬಾಯಿ ತಪ್ಪಿಯೂ ಅನ್ನಬೇಡಿ.

ನಿಮ್ಮ ಗೀಸರ್‌ಗೆ ಸರಿಹೊಂದುವ ಮಾತೊಂದು ಕೊಡುತ್ತೇನೆ, ಎರಡೂ ಕಡೆ ನಡೆಯುತ್ತದೆ. 'ಕುದುರೆಮರಿಯನ್ನು ಮಳೆಯಿಂದ ಒಳಗೆ ಕಟ್ಟು'. ಅಂದರೆ ಆಸೆ ಬಿಡು, ಇದು ಈಗ ಆಗುವ ಕೆಲಸ ಅಲ್ಲ. ಬೇಕಾದರೆ ಮನೆಯಲ್ಲಿ ಇರುವ ಹುಡುಗರೆಲ್ಲ ಸೇರಿ 'ವಕಿಞ' ಮಾಡಿ ಹೊಸ ಗೀಸರ್ ತನ್ನಿ. 'ವಕಿಞ' ಅಂದರೆ ಪುಟ್ಟ ಹಸು. ಎಲ್ಲರೂ ಚಂದಾ ಹಾಕಿ ದುಡ್ಡು ಕೂಡಿಸುವುದು. ಬ್ರೆಜಿಲ್‌ನ ಪ್ರಾಣಿ ಚಿತ್ರದ ಲಾಟರಿ ಆಟದಲ್ಲಿ ಇಪ್ಪತ್ತೈದು ಪ್ರಾಣಿ, ಇಪ್ಪತ್ತೈದನೆಯದು ಹಸು. ಫುಟ್ಬಾಲ್ ಅಭಿಮಾನಿಗಳು ಆಟಗಾರರಿಗೆ ಚಂದಾ ಎತ್ತಿ 25ರ ಬಹುಮಾನ ಕೊಡುತ್ತಿದ್ದರಂತೆ, ಅದಕ್ಕೆ ಹಸು ಅಂದರು ಅಂತ ಕಥೆ ಹೇಳುತ್ತಾರೆ.

ಕುಡ್ಲದಕ್ಕ:

ಓನರ್ ಮಾಡಿಸಬೇಕಾದ ಕೆಲಸಕ್ಕೆ ಇವರು ಯಾಕೆ ಚಂದಾ ಎತ್ತಬೇಕು? ಹೈದ, ಹೀಗೆ ಮಾಡಿ. ಮುಂದಿನ ಸಲ ಸಿಕ್ಕಾಗ 'ಫಿಕೇಯ್ ಅ ವೇರ್ ನವೀಯುಶ್' ಅನ್ನಿ. 'ಹಡಗು ನೋಡುತ್ತಾ ಉಳಿದೆ' ಅಂತ ಅರ್ಥ. ಕನ್ನಡದಲ್ಲಿ ಚೊಂಬೇ ಗತಿ ಆಯಿತು ಅನ್ನುತ್ತೇವಲ್ಲ, ಅದು. ಜಗಳ ಆಡಿದ ಹಾಗೂ ಇಲ್ಲ, ಸುಮ್ಮನಿದ್ದ ಹಾಗೂ ಇಲ್ಲ. ಪೋರ್ಚುಗಲ್‌ನ ದೊರೆ ಸೆಬಾಸ್ತಿಯಾಂವ್ 1578ರಲ್ಲಿ ಮೊರಾಕ್ಕೊ ಯುದ್ಧಕ್ಕೆ ಹೋದವನು ವಾಪಸ್ ಬರಲಿಲ್ಲ. ಮಕ್ಕಳಿರಲಿಲ್ಲ, 1580ರಲ್ಲಿ ಸಿಂಹಾಸನ ಸ್ಪೇನಿನ ದೊರೆಯ ಪಾಲಾಯಿತು. ಇವತ್ತಲ್ಲ ನಾಳೆ ಬಂದಾನು ಅಂತ ಜನ ಲಿಸ್ಬನ್‌ನ ಸಾಂತ ಕತರೀನ ದಿಬ್ಬದ ಮೇಲೆ ನಿಂತು ಹಡಗು ಕಾಯುತ್ತಿದ್ದರಂತೆ, ಮಾತು ಅಲ್ಲಿಂದ ಬಂತು ಅನ್ನುವವರಿದ್ದಾರೆ. ಆ ದಿಬ್ಬ ಈಗಲೂ ಇದೆ. ಸಂಜೆ ಹೋಗಿ ನಿಲ್ಲಿ, ನದಿ ಚೆನ್ನಾಗಿ ಕಾಣುತ್ತದೆ. ಹಡಗೂ ಕಾಣುತ್ತವೆ.

ಅರ್ಧ ಕಾಫಿ:

ಹೊಸಬರು ನುಡಿಗಟ್ಟು ಹೇಳುವಾಗ ಒಂದು ಎಚ್ಚರ. ಬಾಯಿಪಾಠ ಮಾಡಿದವನ ಹಾಗೆ ನೆಟ್ಟಗೆ ನಿಂತು ಹೇಳಬೇಡಿ. ಮತ್ತೆ 'ಕೆ ಲಾತ' ತರದ್ದನ್ನು ದೊಡ್ಡವರ ಮುಂದೆ ಬಿಡಬೇಡಿ. 'ಎಂಥಾ ತಗಡು' ಅಂತ ಪದಾರ್ಥ, 'ಏನು ಧೈರ್ಯ ಇವನಿಗೆ, ನಾಚಿಕೆ ಇಲ್ಲ' ಅಂತ ಭಾವಾರ್ಥ. ನಾನು ಅದನ್ನು ತಮಾಷೆ ಅಂದುಕೊಂಡು ಮ್ಯಾನೇಜರ್ ಮುಂದೆ ಅಂದಿದ್ದೆ. ಆಮೇಲೆ ಒಂದು ತಿಂಗಳು ಕಪ್ಪೆ ನುಂಗಿದೆ. ಇದೂ ಇಲ್ಲಿಯದೇ ಮಾತು, 'ಎಂಗುಲೀರ್ ಸಾಪುಶ್', ಅವಮಾನ ನುಂಗಿಕೊಂಡು ಸುಮ್ಮನಿರುವುದು.

ಬೇಜಾರಾದರೆ ಮಾತ್ರ ಧೈರ್ಯವಾಗಿ 'ಕೆ ಸೇಕ' ಅನ್ನಿ. 'ಎಂಥಾ ಬರ' ಅಂತ. ನಮಗೆ ಬೋರ್ ಆದರೆ ಅವರಿಗೆ ಬರ. ನಮ್ಮಲ್ಲಿ ಬೋರು ಬತ್ತಿದರೆ ಬರ.

ಕಾರವಾರದ ಕಡಲು:

ಕೊನೆಯ ಸಾಲಿಗೆ ಚಪ್ಪಾಳೆ. ನನ್ನ ನೋಟ್‌ಬುಕ್ಕಿಗೆ ಹೋಯಿತು.

ಹೊಸಕೋಟೆ ಹೈದ:

ಒಂಬತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಅಕ್ಕ ಹೇಳಿದ ಹಾಗೆ ಮಾಡಿದೆ. ಕನ್ನಡಿ ಮುಂದೆ ಎರಡು ದಿನ ಅಭ್ಯಾಸ ಮಾಡಿ, ಓನರ್ ಮೆಟ್ಟಿಲಲ್ಲಿ ಸಿಕ್ಕಾಗ ಸಹಜವಾಗಿ ಅನ್ನುವ ಹಾಗೆ 'ಫಿಕೇಯ್ ಅ ವೇರ್ ನವೀಯುಶ್' ಅಂದೆ. ಅವರಿಗೆ ಎಷ್ಟು ಖುಷಿ ಆಯಿತು ಅಂದರೆ ಕೆಳಗಿನ ಕೆಫೆಗೆ ಕರೆದುಕೊಂಡು ಹೋಗಿ 'ಬೀಕ', ಅಂದರೆ ಇಲ್ಲಿಯ ಪುಟ್ಟ ಕಪ್ಪಿನ ಗಟ್ಟಿ ಕಾಫಿ, ಕುಡಿಸಿದರು. ಕೆಫೆಯವನನ್ನು ಕರೆದು ನನ್ನಿಂದ ಇನ್ನೊಂದು ಸಲ ಹೇಳಿಸಿದರು. ಅವನೂ ನಕ್ಕ. ಪೋರ್ಚುಗೀಸಿನಲ್ಲೇ ಅರ್ಧ ಗಂಟೆ ಮಾತಾಡಿದೆವು. ಇಷ್ಟು ದಿನದಲ್ಲಿ ಮೊದಲ ಸಲ ಇಂಗ್ಲಿಷಿಗೆ ಇಳಿಯಲಿಲ್ಲ.

ಎದ್ದು ಹೊರಡುವಾಗ 'ಹಾಗಾದರೆ ಗೀಸರ್?' ಅಂತ ಕೇಳಿದೆ. ನನ್ನ ಹೆಗಲು ತಟ್ಟಿ 'ಪೊಯ್ಝೆ…' ಅಂದರು. ಉದ್ದಕ್ಕೆ ಎಳೆದರು. ಇದು ಯಾವ ರಾಗ?

ಅರ್ಧ ಕಾಫಿ:

ತಣ್ಣೀರು ರಾಗ.

ಕುಡ್ಲದಕ್ಕ:

ಕಂಪನಿಯವರಿಗೆ ನೇರ ಫೋನ್ ಮಾಡಿ ರಿಪೇರಿ ಮಾಡಿಸಿ, ಬಿಲ್ ಬಾಡಿಗೆಯಲ್ಲಿ ಹಿಡಿದುಕೊಳ್ಳಲು ಓನರ್ ಹತ್ತಿರ ಮೆಸೇಜಿನಲ್ಲಿ ಒಪ್ಪಿಗೆ ತಗೊಳ್ಳಿ. ಬಾಯಿಮಾತು ಬೇಡ. ಅಲ್ಲಿಯ ತನಕ ಒಲೆ ಮೇಲೆ ನೀರು ಕಾಯಿಸಿ. ಬಕೆಟ್ ಇಲ್ಲದಿದ್ದರೆ ಅಂಗಡಿಗೆ ಹೋಗಿ 'ಬಾಲ್ದ್' ಅನ್ನಿ. ನಮ್ಮೂರ ಬಾಲ್ದಿಯೇ, ಕೂಡಲೇ ಕೊಡುತ್ತಾರೆ.